ಲೇಸರ್ ಚಿಕಿತ್ಸೆಯ ನಂತರ ಚರ್ಮದ ಚೇತರಿಕೆ: ಹೆಣ್ಣು–ಗಂಡಿನ ವ್ಯತ್ಯಾಸ, ಚಿತ್ರದುರ್ಗ ಸೀಮೆಯ ನೆಲೆಯಲ್ಲಿ

ಮೊಡವೆಯ ಕುಳಿ, ಬಂಗು, ಬೇಡದ ಕೂದಲು, ಹಚ್ಚೆ, ಮಚ್ಚೆ, ಸುಕ್ಕು ಇವುಗಳ ನಿವಾರಣೆಗೆ ಲೇಸರ್ ಬೆಳಕನ್ನು ಬಳಸುವುದೇ ಸೌಂದರ್ಯ ಲೇಸರ್ ಚಿಕಿತ್ಸೆ. ಬೆಳಕು ತಾಗಿದ ಗಳಿಗೆಯಿಂದ ಉರಿ ಇಳಿದು, ಮೇಲ್ಪದರ ಮತ್ತೆ ಕಟ್ಟಿ, ಬಣ್ಣ ಸಮವಾಗಿ, ಒಳಪದರದ ಕೊಲಾಜೆನ್ ಎಂಬ ನಾರು ಹೊಸದಾಗಿ ಹೆಣೆದುಕೊಳ್ಳುವವರೆಗಿನ ಕಾಲವನ್ನು ಚೇತರಿಕೆ ಎನ್ನುತ್ತಾರೆ. ಚಿಕಿತ್ಸೆಯ ಆಳಕ್ಕೆ ತಕ್ಕಂತೆ ಇದು ಒಂದೆರಡು ದಿನದಲ್ಲಿ ಮುಗಿಯಬಹುದು, ಆರು ತಿಂಗಳವರೆಗೂ ನಡೆಯಬಹುದು.

ಚೇತರಿಕೆಯ ಮೂಲ ಕ್ರಮ ಹೆಣ್ಣಿಗೂ ಗಂಡಿಗೂ ಒಂದೇ. ಆದರೆ ಚರ್ಮದ ದಪ್ಪ, ಎಣ್ಣೆಗ್ರಂಥಿಗಳ ಚಟುವಟಿಕೆ, ಗಡ್ಡ, ಹಾರ್ಮೋನು, ವಯಸ್ಸಾಗುವ ರೀತಿ ಬೇರೆಯಾಗಿರುವುದರಿಂದ ತೊಡಕುಗಳು ಬೇರೆ ಬೇರೆ ಕಡೆಯಿಂದ ಬರುತ್ತವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಂಥ ಬಿಸಿಲು ಸೀಮೆಯಲ್ಲಿ, ಎಣ್ಣೆಗಪ್ಪು, ಗೋಧಿ ಮೈಬಣ್ಣದ ಜನರಲ್ಲಿ, ಇದರ ಜೊತೆಗೆ ಬಿಸಿಲು ಮತ್ತು ಕಪ್ಪುಗಲೆಯ ಭಯವೂ ಸೇರುತ್ತದೆ. ಇಲ್ಲಿ ಫಲಿತಾಂಶವನ್ನು ತೀರ್ಮಾನಿಸುವುದರಲ್ಲಿ ಇವೆರಡರ ಪಾಲು ಲಿಂಗದ ಪಾಲಿಗಿಂತ ದೊಡ್ಡದು. ಯಾರಿಗೆ ಯಾವ ತೊಡಕನ್ನು ಮೊದಲು ಎದುರು ನೋಡಬೇಕು ಎಂಬುದನ್ನು ಲಿಂಗ ತಿಳಿಸುತ್ತದೆ.

ಹಿನ್ನೆಲೆ

ಅಮೆರಿಕದ ಥಿಯೊಡೋರ್ ಮೈಮನ್ 1960ರಲ್ಲಿ ಮೊದಲ ಲೇಸರನ್ನು ಬೆಳಗಿಸಿದರು. ಅದು ಮಾಣಿಕ್ಯದ ಹರಳಿನಿಂದ ಹೊರಟ ಕೆಂಪು ಬೆಳಕು. ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದೇ ದಶಕದಲ್ಲಿ ಅದನ್ನು ಚರ್ಮದ ಮೇಲೆ ಪರೀಕ್ಷಿಸಿದರು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ ಬೆಲ್ ಪ್ರಯೋಗಾಲಯದಲ್ಲಿದ್ದಾಗ 1964ರಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರನ್ನು ರೂಪಿಸಿದರು. ಮೊಡವೆ ಕುಳಿಗಳಿಗೆ ಇಂದು ಬಳಸುವ ಮುಖ್ಯ ಉಪಕರಣ ಅದರ ಸುಧಾರಿತ ರೂಪವೇ.

ಆರಂಭದ ಯಂತ್ರಗಳು ಗುರಿಯ ಸುತ್ತಲಿನ ಚರ್ಮವನ್ನೂ ಸುಡುತ್ತಿದ್ದವು. 1983ರಲ್ಲಿ ರಾಕ್ಸ್ ಆಂಡರ್‌ಸನ್ ಮತ್ತು ಜಾನ್ ಪ್ಯಾರಿಶ್ ಇದಕ್ಕೆ ದಾರಿ ತೋರಿಸಿದರು. ಗುರಿ ಹೀರುವ ಬಣ್ಣದ ಬೆಳಕನ್ನು ಆರಿಸಿ, ಆ ಬಿಸಿ ಅಕ್ಕಪಕ್ಕಕ್ಕೆ ಹರಡುವ ಮೊದಲೇ ಮಿಡಿತವನ್ನು ನಿಲ್ಲಿಸಿದರೆ ಗುರಿ ಮಾತ್ರ ನಾಶವಾಗುತ್ತದೆ ಎಂಬುದು ಅವರ ತತ್ವ. ಲೇಸರ್‌ನಿಂದ ಕೂದಲು ತೆಗೆಯುವ ಚಿಕಿತ್ಸೆ 1990ರ ದಶಕದ ನಡುವಿನಲ್ಲಿ ಈ ತತ್ವದ ಮೇಲೆಯೇ ಬೆಳೆಯಿತು. 2004ರಲ್ಲಿ ಬಂದ ಫ್ರ್ಯಾಕ್ಷನಲ್ ವಿಧಾನ ಇಡೀ ಮುಖವನ್ನು ಸುಲಿಯುವ ಬದಲು ತೀರ ಸಣ್ಣ ಕಂಬಗಳಂತೆ ಗಾಯ ಮಾಡಿ, ನಡುವಿನ ಚರ್ಮವನ್ನು ಮುಟ್ಟದೆ ಬಿಡುತ್ತದೆ. ಆ ಉಳಿದ ಚರ್ಮದಿಂದ ಗಾಯ ಬೇಗ ಮುಚ್ಚುತ್ತದೆ. ಕಪ್ಪು ಮೈಬಣ್ಣದವರಿಗೂ ಆಳದ ಲೇಸರ್ ಸಾಧ್ಯವಾಗುವುದರಲ್ಲಿ ಈ ವಿಧಾನದ ಪಾತ್ರ ದೊಡ್ಡದು.

ಬೆಳಕು ಮತ್ತು ಅದರ ಗುರಿ

ಚರ್ಮದಲ್ಲಿ ಲೇಸರ್ ಹುಡುಕುವ ಗುರಿಗಳು ಮುಖ್ಯವಾಗಿ ಮೂರು: ಮೆಲನಿನ್ ಎಂಬ ಬಣ್ಣದ್ರವ್ಯ, ರಕ್ತದ ಹಿಮೊಗ್ಲೋಬಿನ್ ಮತ್ತು ಜೀವಕೋಶದೊಳಗಿನ ನೀರು. 755 ನ್ಯಾನೊಮೀಟರ್‌ನ ಅಲೆಕ್ಸಾಂಡ್ರೈಟ್, 800–810ರ ಡಯೋಡ್, 1064ರ ಎನ್‌ಡಿ–ಯಾಗ್ ಲೇಸರ್‌ಗಳು ಕೂದಲಿನ ಮೆಲನಿನ್ನನ್ನು ಬಿಸಿ ಮಾಡುತ್ತವೆ. ಅತಿ ಕಿರು ಮಿಡಿತದ ಕ್ಯೂ–ಸ್ವಿಚ್ ಎನ್‌ಡಿ–ಯಾಗ್ ಹಚ್ಚೆಯ ಮಸಿಯನ್ನು ಒಡೆಯುತ್ತದೆ. 2940ರ ಎರ್ಬಿಯಂ ಮತ್ತು 10,600ರ ಕಾರ್ಬನ್ ಡೈಆಕ್ಸೈಡ್ ಲೇಸರ್‌ಗಳು ನೀರನ್ನು ಕುದಿಸಿ ಚರ್ಮದ ಪದರವನ್ನೇ ಆವಿ ಮಾಡುತ್ತವೆ.

ಕೂದಲು, ಬಂಗು, ಹಚ್ಚೆಗಳ ಚಿಕಿತ್ಸೆಯಲ್ಲಿ ಬೆಳಕು ಒಳಗಿನ ಗುರಿಯನ್ನು ತಲುಪುವ ಮುನ್ನ ಮೇಲ್ಚರ್ಮದ ಮೆಲನಿನ್ ಅದನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಮೈಬಣ್ಣ ದಟ್ಟವಾದಷ್ಟೂ ಮೇಲ್ಚರ್ಮ ಸುಡುವ ಭಯ ಹೆಚ್ಚು. ಬಿಸಿಲಿಗೆ ಚರ್ಮ ಹೇಗೆ ಸ್ಪಂದಿಸುತ್ತದೆ ಎಂಬುದರ ಮೇಲೆ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಆರಂಭಿಸಿದ ವರ್ಗೀಕರಣದಲ್ಲಿ ಕರ್ನಾಟಕದ ಹೆಚ್ಚಿನವರು 4ರಿಂದ 6ರವರೆಗಿನ ವರ್ಗಗಳಿಗೆ ಸೇರುತ್ತಾರೆ. ಇಂಥ ಚರ್ಮಕ್ಕೆ ಉದ್ದ ತರಂಗದ ಎನ್‌ಡಿ–ಯಾಗ್ ಹೆಚ್ಚು ಸುರಕ್ಷಿತ, ಏಕೆಂದರೆ ಮೇಲ್ಚರ್ಮದ ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ.

ಚೇತರಿಕೆಯ ಹಂತಗಳು

ಮೊದಲ ಹಂತ ಉರಿಯೂತದ್ದು. ಬಿಸಿ ತಾಗಿದ ನಿಮಿಷಗಳಲ್ಲೇ ರಕ್ತನಾಳಗಳು ಹಿಗ್ಗುತ್ತವೆ, ಚರ್ಮ ಊದಿಕೊಳ್ಳುತ್ತದೆ, ಬಿಳಿರಕ್ತಕಣಗಳು ಬಂದು ಸೇರುತ್ತವೆ. ಎರಡನೆಯದರಲ್ಲಿ ಮೇಲ್ಪದರ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಬೇಕಾದ ಹೊಸ ಜೀವಕೋಶಗಳು ಗಾಯದ ಅಂಚಿನಿಂದ ಮಾತ್ರವಲ್ಲ, ಕೂದಲ ಬುಡ ಮತ್ತು ಎಣ್ಣೆಗ್ರಂಥಿಗಳಿಂದಲೂ ಮೇಲೇರಿ ಬರುತ್ತವೆ. ಕೂದಲ ಬುಡ ಈ ಕೆಲಸದಲ್ಲಿ ಚರ್ಮದ ಸಸಿಮಡಿಯಿದ್ದಂತೆ. ಮೂರನೆಯ ಹಂತದಲ್ಲಿ ಒಳಪದರದ ಹಳೆಯ ಕೊಲಾಜೆನ್ ಕರಗಿ ಹೊಸದು ಕೂಡಿಕೊಳ್ಳುತ್ತದೆ. ಇದು ಮೂರರಿಂದ ಆರು ತಿಂಗಳು ನಡೆಯುತ್ತದೆ. ಮೊಡವೆ ಕುಳಿ ತುಂಬಿದ್ದು ಕಾಣುವುದು ಈ ಹಂತದಲ್ಲೇ.

ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ಆದ ಕೆನ್ನೆಯನ್ನು ಹತ್ತಿರದಿಂದ ನೋಡಿದರೆ ಈ ಕ್ರಮ ಸ್ಪಷ್ಟವಾಗಿ ತಿಳಿಯುತ್ತದೆ. ಮೊದಲ ದಿನ ಸಾಲುಸಾಲಾಗಿ ಚುಕ್ಕೆ ಇಟ್ಟಂತೆ ಸಣ್ಣ ಗುರುತುಗಳು, ಸುತ್ತ ಊತ, ಕೆಲವು ಚುಕ್ಕೆಗಳಲ್ಲಿ ತಿಳಿನೀರು ಇಲ್ಲವೆ ರಕ್ತದ ಹನಿ. ಎಣ್ಣೆಗಪ್ಪು ಮುಖದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಚರ್ಮ ಮಂಕಾಗಿ, ನೇರಳೆ ಮಿಶ್ರಿತ ಕಂದಾಗಿರುತ್ತದೆ. ಮೂರನೆಯ ದಿನದ ಹೊತ್ತಿಗೆ ಚುಕ್ಕೆಗಳು ಕಾಫಿಪುಡಿ ಬಣ್ಣಕ್ಕೆ ತಿರುಗಿ, ಕೈಯಾಡಿಸಿದರೆ ಮರಳುಕಾಗದದಂತೆ ಒರಟು ತಾಗುತ್ತದೆ. ಐದರಿಂದ ಏಳು ದಿನಗಳಲ್ಲಿ ಆ ಹಕ್ಕಳೆ ತಾನಾಗಿ ಉದುರಿ ಒಳಗಿನಿಂದ ನಸುಗೆಂಪು ಚರ್ಮ ಕಾಣುತ್ತದೆ. ಮುಖ ವಾಸಿಯಾಯಿತೆಂದು ರೋಗಿ ನಂಬುವುದು ಆಗಲೇ. ಆದರೆ ಕಪ್ಪುಗಲೆ ಮೂಡುವುದಾದರೆ ಸಾಮಾನ್ಯವಾಗಿ ಅದರ ನಂತರ, ಮೂರು ನಾಲ್ಕು ವಾರಗಳ ಹೊತ್ತಿಗೆ ಮೂಡುತ್ತದೆ.

ಇಡೀ ಪದರವನ್ನು ತೆಗೆಯುವ ಹಳೆಯ ವಿಧಾನದಲ್ಲಿ ಮೇಲ್ಪದರ ಮುಚ್ಚಲು 7ರಿಂದ 10 ದಿನ ಬೇಕು, ಕೆಂಪು ಇಳಿಯಲು ತಿಂಗಳುಗಳೇ ಬೇಕು. ಪದರ ತೆಗೆಯದ ಲೇಸರ್‌ಗಳಲ್ಲಿ ಊತ, ಕೆಂಪು ಎರಡು ಮೂರು ದಿನಗಳಲ್ಲಿ ಕಡಿಮೆಯಾಗುತ್ತವೆ. ಕೂದಲಿನ ಲೇಸರ್ ನಂತರ ಪ್ರತಿ ಕೂದಲ ಬುಡವೂ ಸಣ್ಣ ದದ್ದಿನಂತೆ ಉಬ್ಬುತ್ತದೆ. ಇದು ಬೆಳಕು ಗುರಿ ಮುಟ್ಟಿದ್ದರ ಗುರುತು. ಕೆಲವು ಗಂಟೆಗಳಿಂದ ಒಂದೆರಡು ದಿನಗಳಲ್ಲಿ ಇಳಿಯುತ್ತದೆ.

ವ್ಯತ್ಯಾಸದ ಕಾರಣಗಳು

ಚರ್ಮದ ರಚನೆ. ಗಂಡಸರ ಒಳಚರ್ಮ ಹೆಂಗಸರದ್ದಕ್ಕಿಂತ ದಪ್ಪ, ಅದರಲ್ಲಿ ಕೊಲಾಜೆನ್ ಹೆಚ್ಚು. ಆಂಡ್ರೊಜೆನ್ ಹಾರ್ಮೋನಿನಿಂದ ಎಣ್ಣೆಗ್ರಂಥಿಗಳೂ ಹೆಚ್ಚು ಕೆಲಸ ಮಾಡುತ್ತವೆ. ಗ್ರಂಥಿ ಮತ್ತು ಕೂದಲ ಬುಡ ಹೆಚ್ಚಿರುವ ಗಡ್ಡದ ಭಾಗದಲ್ಲಿ ಮೇಲ್ಪದರ ಕಟ್ಟಲು ಬೇಕಾದ ಜೀವಕೋಶಗಳ ಮೂಲವೂ ಹೆಚ್ಚು. ಆದರೆ ಅದೇ ಎಣ್ಣೆ, ಅದೇ ಬೆವರು ಮುಲಾಮಿನ ಅಡಿಯಲ್ಲಿ ಕಟ್ಟಿಕೊಂಡಾಗ ಮೊಡವೆಯಂಥ ಗುಳ್ಳೆಗಳು, ಕೂದಲ ಬುಡದ ಸೋಂಕು ಬರುತ್ತವೆ. ಗಡ್ಡದ ಬುಡಗಳಿಗೆ ರಕ್ತ ಒದಗಿಸುವ ಸಣ್ಣ ನಾಳಗಳೂ ಅಲ್ಲಿ ದಟ್ಟ. ಆಳದ ಚಿಕಿತ್ಸೆಯಲ್ಲಿ ರಕ್ತ ಜಿನುಗುವುದು, ಊತ ಬರುವುದು ಗಂಡಸರಲ್ಲಿ ಹೆಚ್ಚಾಗಬಹುದು.

ಹಾರ್ಮೋನು. ಗಿಲಿಯನ್ ಆಶ್‌ಕ್ರಾಫ್ಟ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಹೆಣ್ಣಿನ ಹಾರ್ಮೋನಾದ ಈಸ್ಟ್ರೊಜೆನ್ ಚರ್ಮದ ಗಾಯ ಮಾಯುವುದನ್ನು ಚುರುಕುಗೊಳಿಸುತ್ತದೆ ಎಂದು ತೋರಿಸಿತು. 2002ರಲ್ಲಿ ಅವರದೇ ಮತ್ತೊಂದು ಅಧ್ಯಯನದಲ್ಲಿ, ವೃಷಣ ತೆಗೆದ ಗಂಡು ಇಲಿಗಳ ಗಾಯ ಬೇಗ ಮಾಯಿತು. ಆಂಡ್ರೊಜೆನ್ ಉರಿಯೂತವನ್ನು ಎಳೆದು ಗಾಯವನ್ನು ತಡಮಾಡುತ್ತದೆ ಎಂಬುದು ಅದರ ಸಾರ. ಟೆಸ್ಟೊಸ್ಟೆರಾನ್ ಮೇಲ್ಪದರದ ನೀರು ಹಿಡಿಯುವ ತಡೆಗೋಡೆ ದುರಸ್ತಿಯಾಗುವುದನ್ನೂ ನಿಧಾನಗೊಳಿಸುತ್ತದೆ. ಆದರೆ ಇದನ್ನು ಮೈಯ ಎಲ್ಲ ಗಾಯಕ್ಕೂ ಅನ್ವಯಿಸಲಾಗದು. ಬಾಯೊಳಗಿನ ಪೊರೆಯ ಸಣ್ಣ ಗಾಯಗಳನ್ನು ಅಳೆದ ಅಧ್ಯಯನಗಳಲ್ಲಿ ಗಂಡಸರದ್ದೇ ಬೇಗ ಮಾಯಿತು. ಆರೋಗ್ಯವಂತ ಯುವಜನರಲ್ಲಿ ಸಣ್ಣ ಲೇಸರ್ ಗಾಯದ ಮಟ್ಟಿಗೆ ಹಾರ್ಮೋನಿನಿಂದಾಗುವ ಅಂತರ ಚಿಕ್ಕದು. ವಯಸ್ಸಾದಂತೆ ಅದು ತೋರತೊಡಗುತ್ತದೆ.

ವಯಸ್ಸು. ಗಂಡಸರ ಕೊಲಾಜೆನ್ ಯೌವನದಿಂದಲೇ ನಿಧಾನವಾಗಿ, ಒಂದೇ ಸಮನೆ ಇಳಿಯುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಚರ್ಮದ ಕೊಲಾಜೆನ್ ಸುಮಾರು ಶೇಕಡ 30ರಷ್ಟು ಕುಸಿಯುತ್ತದೆ, ಎಣ್ಣೆಯೂ ಕಡಿಮೆಯಾಗುತ್ತದೆ. ಹಾಗಾಗಿ 25ರ ಹರೆಯದಲ್ಲಿ ಹೆಣ್ಣಿಗಿದ್ದ ಅನುಕೂಲ 55ರ ವಯಸ್ಸಿಗೆ ಉಳಿದಿರುವುದಿಲ್ಲ. ಮುಟ್ಟು ನಿಂತ ಮಹಿಳೆಗೆ ಆಳದ ಲೇಸರ್ ನಂತರ ಒಣಗು, ತುರಿಕೆ, ತಡವಾದ ಚೇತರಿಕೆ ಕಾಡಬಹುದು. ಅವರಿಗೆ ತೇವ ಹಿಡಿಯುವ ಮುಲಾಮು ಹೆಚ್ಚು ದಿನ ಬೇಕು.

ಬಣ್ಣದ್ರವ್ಯ. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟೆರಾನ್ ಮೆಲನಿನ್ ತಯಾರಿಸುವ ಕೋಶಗಳನ್ನು ಕೆರಳಿಸುತ್ತವೆ. ಬಸಿರಿನಲ್ಲಿ, ಗರ್ಭನಿರೋಧಕ ಗುಳಿಗೆ ನುಂಗುವಾಗ ಬಂಗು ಮೂಡುವುದು ಇದರಿಂದಲೇ. ಈ ಒಲವಿರುವ ಮಹಿಳೆಯ ಕೆನ್ನೆಗೆ ಲೇಸರ್‌ನ ಬಿಸಿ ತಾಗಿದರೆ ಬಂಗು ಇನ್ನಷ್ಟು ಕಪ್ಪಾಗಬಹುದು. ಆದರೆ ಬಂಗು ಹೆಂಗಸರ ಕಾಯಿಲೆ ಮಾತ್ರವಲ್ಲ. ಭಾರತದ ಆಸ್ಪತ್ರೆ ಅಧ್ಯಯನಗಳಲ್ಲಿ ಬಂಗಿಗೆ ಬಂದವರಲ್ಲಿ ಐದರಲ್ಲಿ ಒಬ್ಬರಷ್ಟು ಗಂಡಸರು. ಅವರಲ್ಲಿ ಬಿಸಿಲೇ ದೊಡ್ಡ ಕಾರಣ.

ರೂಢಿ. ಬೀಡಿ, ಸಿಗರೇಟು ಸೇದುವುದು ಗಂಡಸರಲ್ಲಿ ಹೆಚ್ಚು. ತಂಬಾಕಿನ ಹೊಗೆ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಗಾಯಕ್ಕೆ ಆಮ್ಲಜನಕ ತಪ್ಪಿಸುತ್ತದೆ. ಹೇಳಿದ ಮುಲಾಮು ಹಚ್ಚುವುದು, ಬಿಸಿಲಿಗೆ ಮುಖ ಮುಚ್ಚಿಕೊಳ್ಳುವುದು, ಮತ್ತೆ ತೋರಿಸಲು ಬರುವುದು ಇವುಗಳಲ್ಲೂ ಗಂಡಸರು ಹಿಂದೆ ಬೀಳುತ್ತಾರೆ. ಗಂಡಿನ ಚೇತರಿಕೆ ನಿಧಾನ ಎಂದು ಕಾಣುವ ಹಲವು ಕಡೆ ನಿಜವಾದ ಕಾರಣ ದೇಹಕ್ಕಿಂತ ಈ ರೂಢಿಗಳೇ.

ಚಿಕಿತ್ಸೆಗೆ ತಕ್ಕ ವ್ಯತ್ಯಾಸ

ಮೊಡವೆ ಕುಳಿ. ಗಂಟುಗಂಟಾಗಿ ಬಂದು ಆಳದ ಕುಳಿ ಬಿಡುವ ಮೊಡವೆ ಗಂಡುಹುಡುಗರಲ್ಲಿ ಹೆಚ್ಚು. ಅವರಿಗೆ ಹೆಚ್ಚು ಶಕ್ತಿಯ, ಹೆಚ್ಚು ಸಲದ ಚಿಕಿತ್ಸೆ ಬೇಕಾಗುವುದರಿಂದ ಪ್ರತಿ ಸಲದ ಚೇತರಿಕೆಯೂ ಒಂದೆರಡು ದಿನ ಉದ್ದವಾಗಬಹುದು. ಹಕ್ಕಳೆ ಕಟ್ಟಿದ ಕೆನ್ನೆಯ ಮೇಲೆ ಗಡ್ಡದ ಮೊಳಕೆ ಎದ್ದು ತುರಿಸುತ್ತದೆ, ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ನಾಲ್ಕನೆಯ ದಿನ ಸೆಲೂನಿಗೆ ಹೋಗಿ ಶೇವ್ ಮಾಡಿಸಿದರೆ ಬ್ಲೇಡು ಹಕ್ಕಳೆಯನ್ನು ಕೆತ್ತಿ, ಹಸಿ ಚರ್ಮ ತೆರೆದುಕೊಂಡು, ಅಲ್ಲಿ ಕಪ್ಪುಗಲೆ ನಿಲ್ಲುತ್ತದೆ. ಸ್ಫಟಿಕದ ಕಲ್ಲು ಉಜ್ಜುವುದು, ಲೋಷನ್ ಹಚ್ಚುವುದು ಆ ಚರ್ಮಕ್ಕೆ ಮತ್ತೊಂದು ಪೆಟ್ಟು. ಹಕ್ಕಳೆ ಪೂರ್ತಿ ಉದುರುವವರೆಗೆ ಗಡ್ಡ ಮುಟ್ಟಬಾರದು. ಆಮೇಲೂ ಕೆಲವು ದಿನ ಟ್ರಿಮ್ಮರ್ ಸಾಕು.

ಕೂದಲು ತೆಗೆಯುವುದು. ಮಹಿಳೆಯರು ಗಲ್ಲ, ಮೇಲ್ತುಟಿಯ ಕೂದಲಿಗೆ ಬರುತ್ತಾರೆ. ಅವರಲ್ಲಿ ಹಲವರಿಗೆ ಪಿಸಿಒಡಿ ಎಂದು ಜನ ಕರೆಯುವ ಅಂಡಾಶಯದ ಹಾರ್ಮೋನು ಏರುಪೇರು ಇರುತ್ತದೆ. ಅದಕ್ಕೆ ಚಿಕಿತ್ಸೆಯಾಗದಿದ್ದರೆ ಕೂದಲು ಮರಳುತ್ತದೆ. ಗಂಡಸರು ಗಡ್ಡದ ಅಂಚು ತಿದ್ದಿಸಲು, ಬೆನ್ನು, ಎದೆಯ ಕೂದಲಿಗೆ, ಶೇವ್ ಮಾಡಿದಲ್ಲೆಲ್ಲ ಕೂದಲು ಒಳಗೇ ಬಾಗಿ ಚುಚ್ಚಿ ಗುಳ್ಳೆ ಬರುವ ತೊಂದರೆಗೆ ಬರುತ್ತಾರೆ. ಗಡ್ಡದ ಕೂದಲು ದಪ್ಪ, ದಟ್ಟ; ಹೆಚ್ಚು ಬೆಳಕು ಹೀರಿ ಹೆಚ್ಚು ಬಿಸಿಯಾಗುತ್ತದೆ. ಆದ್ದರಿಂದ ಮೊದಲ ಸಲಗಳಲ್ಲಿ ಗಂಡಸರಿಗೆ ನೋವು, ಊತ ಹೆಚ್ಚು, ಶಕ್ತಿಯನ್ನು ತಗ್ಗಿಸಿ ಆರಂಭಿಸಬೇಕು. ಹಾರ್ಮೋನು ಏರುಪೇರಿರುವ ಮಹಿಳೆಯರ ಕೆನ್ನೆ, ಕತ್ತಿನ ಅಂಚಿನಲ್ಲಿ ಲೇಸರ್ ನಂತರ ಸಣ್ಣ ಕೂದಲು ದಪ್ಪಗಾಗಿ ಹೆಚ್ಚುವ ವಿಚಿತ್ರ ಪರಿಣಾಮವೂ ಅಪರೂಪಕ್ಕೆ ಕಾಣುತ್ತದೆ. ಇದನ್ನು ಮುಂಚೆಯೇ ತಿಳಿಸಬೇಕು.

ಚಿಕಿತ್ಸೆಗೆ ಮೊದಲಿನ ನಾಲ್ಕು ವಾರ ಥ್ರೆಡ್ಡಿಂಗ್, ವ್ಯಾಕ್ಸಿಂಗ್ ಮಾಡಿಸಬಾರದು, ಏಕೆಂದರೆ ಬೆಳಕಿಗೆ ಬೇಕಾದ ಬುಡ ಅಲ್ಲಿ ಉಳಿದಿರಬೇಕು. ಕ್ಷೌರ ಮಾತ್ರ ಮಾಡಬಹುದು. ಹೆಣ್ಣುಮಕ್ಕಳ ಮುಖಕ್ಕೆ ಬ್ಲೇಡ್ ತಾಗಿದರೆ ಕೂದಲು ದಪ್ಪಗೆ ಬರುತ್ತದೆ ಎಂಬ ನಂಬಿಕೆಯಿಂದ ಹಲವರು ಇದನ್ನು ಒಪ್ಪುವುದಿಲ್ಲ. ಬ್ಲೇಡು ಕೂದಲಿನ ತುದಿಯನ್ನು ಕತ್ತರಿಸುತ್ತದೆಯೇ ಹೊರತು ಬುಡವನ್ನು ಮುಟ್ಟುವುದಿಲ್ಲ. ಮೊಂಡಾದ ತುದಿ ಒರಟಾಗಿ ತಾಗುವುದರಿಂದ ದಪ್ಪವಾಯಿತೆಂದು ತೋರುತ್ತದೆ.

ಬಂಗು ಮತ್ತು ಕಪ್ಪುಗಲೆ. ಇದರಲ್ಲಿ ಲೇಸರ್ ಮೊದಲ ಚಿಕಿತ್ಸೆಯಲ್ಲ. ಬಿಸಿಲು ತಡೆ ಮತ್ತು ಹಚ್ಚುವ ಔಷಧ ಮೊದಲು. ಕಡಿಮೆ ಶಕ್ತಿಯ 1064ರ ಲೇಸರನ್ನು ಮೇಲಿಂದ ಮೇಲೆ ಬಳಸಿದರೆ ಕಂದು ಮುಖದಲ್ಲಿ ಮಳೆಹನಿಯಷ್ಟು ಬಿಳಿ ಚುಕ್ಕೆಗಳು ಬಿಡಬಹುದು. ಅವು ಹೋಗುವುದು ಕಷ್ಟ. ಗಡ್ಡದ ಭಾಗದಲ್ಲಿ ಬಣ್ಣ ಹೀರುವ ಲೇಸರ್ ಬಳಸುವಾಗ ಗಂಡಸರಿಗೆ ಇನ್ನೊಂದು ಎಚ್ಚರಿಕೆ ಬೇಕು: ಅಲ್ಲಿನ ಕೂದಲ ಬುಡವೂ ಬೆಳಕು ಹೀರಿ ಗಡ್ಡ ಅಲ್ಲಲ್ಲಿ ತೆಳುವಾಗಬಹುದು.

ಹಚ್ಚೆ. ಬಯಲುಸೀಮೆಯ ಹಿರಿಯ ಹೆಣ್ಣುಮಕ್ಕಳ ಹಣೆ, ಗಲ್ಲ, ಮುಂಗೈಯಲ್ಲಿ ಕಾಣುವ ಹಸಿರುಹಚ್ಚೆ ಮಸಿಯಿಂದ ಆದದ್ದು. ಅದು 1064ರ ಬೆಳಕಿಗೆ ಚೆನ್ನಾಗಿ ಒಡೆಯುತ್ತದೆ. ಯಂತ್ರದ ಬಣ್ಣದ ಹಚ್ಚೆಯಲ್ಲಿ ಹಳದಿ, ತಿಳಿಹಸಿರು ಹಟ ಹಿಡಿಯುತ್ತವೆ. ಸೇನೆಯ ನೇಮಕಾತಿಯಲ್ಲಿ ಹಚ್ಚೆಗೆ ನಿರ್ಬಂಧವಿರುವುದರಿಂದ ಯುವಕರು ಅವಸರದಲ್ಲಿ ಬರುತ್ತಾರೆ. ಒಂದು ಸಲಕ್ಕೂ ಇನ್ನೊಂದಕ್ಕೂ ಆರರಿಂದ ಎಂಟು ವಾರ ಬಿಡಬೇಕು. ಗಡುವಿಗಾಗಿ ಈ ಅಂತರ ಕಡಿತಗೊಳಿಸಿದರೆ ಗಾಯದ ಗುರುತು ಹಚ್ಚೆಗಿಂತ ಎದ್ದು ಕಾಣುತ್ತದೆ.

ಚಿತ್ರದುರ್ಗ ಸೀಮೆಯ ನೆಲೆ

ಚಿತ್ರದುರ್ಗ ನಗರ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಎತ್ತರದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಬರುತ್ತಾನೆ. ಬೇಸಿಗೆಯ ನಿಚ್ಚಳ ಮಧ್ಯಾಹ್ನಗಳಲ್ಲಿ ನೇರಳಾತೀತ ಸೂಚ್ಯಂಕ 11 ದಾಟುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ಅತ್ಯಂತ ಅಪಾಯದ ಮಟ್ಟ. ಮಳೆ ಕಡಿಮೆ, ಗಾಳಿ ಹೆಚ್ಚು. ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಈ ಜಿಲ್ಲೆಯ ಗುರುತಾಗಿರುವುದೂ ಅದಕ್ಕೇ. ಒಣಗಾಳಿ ಹೊಸ ಚರ್ಮದ ತೇವವನ್ನು ಎಳೆಯುತ್ತದೆ, ಹೊಲದ ಧೂಳು ಹಸಿಗಾಯದಲ್ಲಿ ಕೂರುತ್ತದೆ.

ಈ ಸೀಮೆಯ ಕೆಲಸಗಳು ಪಠ್ಯಪುಸ್ತಕದ ಹೆಣ್ಣು–ಗಂಡಿನ ಚಿತ್ರಕ್ಕೆ ಹೊಂದುವುದಿಲ್ಲ. ನಗರದ ಅಧ್ಯಯನಗಳು ಬಿಸಿಲು ಗಂಡಸರ ಪಾಲು ಎಂದು ಎಣಿಸುತ್ತವೆ. ಇಲ್ಲಿ ಶೇಂಗಾ, ಈರುಳ್ಳಿ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವವರು ಬಹುಪಾಲು ಹೆಂಗಸರು. ವಾಣಿವಿಲಾಸ ಸಾಗರದ ಅಚ್ಚುಕಟ್ಟಿನ ಹಿರಿಯೂರಿನ ತೆಂಗು–ಅಡಿಕೆ ತೋಟಗಳಲ್ಲಿ, ಹೊಳಲ್ಕೆರೆಯ ಅಡಿಕೆ ತೋಟಗಳಲ್ಲಿ ನೆರಳಿದೆ. ಹೊಸದುರ್ಗದ ದಾಳಿಂಬೆ ತೋಟದಲ್ಲಿ ಗಿಡ ಗಿಡ್ಡ, ಆಳಿನ ತಲೆಗೆ ನೆರಳಿಲ್ಲ. ಆದ್ದರಿಂದ ಇಲ್ಲಿನ ವೈದ್ಯರು ಹೆಣ್ಣೋ ಗಂಡೋ ಎಂದು ಕೇಳುವುದಕ್ಕಿಂತ ಮೊದಲು, ಮುಂದಿನ ಒಂದು ತಿಂಗಳು ಯಾವ ಕೆಲಸ ಮಾಡುತ್ತೀರಿ, ಎಷ್ಟು ಹೊತ್ತು ಬಿಸಿಲಿನಲ್ಲಿರುತ್ತೀರಿ ಎಂದು ಕೇಳಬೇಕಾಗುತ್ತದೆ.

ಮುಖ ಮುಚ್ಚಿಕೊಳ್ಳುವ ರೂಢಿಯಲ್ಲಿ ಮಾತ್ರ ಹೆಣ್ಣು–ಗಂಡಿನ ಅಂತರ ದೊಡ್ಡದು. ಹೊಲದ ಹೆಣ್ಣುಮಗಳು ಸೆರಗು ಹೊದ್ದು ಕೆಲಸ ಮಾಡುತ್ತಾಳೆ, ಸ್ಕೂಟರಿನ ಯುವತಿ ವೇಲ್ ಸುತ್ತಿಕೊಳ್ಳುತ್ತಾಳೆ. ಗಂಡಸರು ಟವೆಲ್ಲನ್ನು ತಲೆಗೆ ಸುತ್ತಿದರೂ ಕೆನ್ನೆ ತೆರೆದೇ ಇರುತ್ತದೆ.

ಕಾಲ ನೋಡಿ ಚಿಕಿತ್ಸೆ ಮಾಡಿಸುವುದು ಇಲ್ಲಿ ದೊಡ್ಡ ಲಾಭ. ದೀಪಾವಳಿ ಕಳೆದ ಮೇಲಿನ ನವೆಂಬರ್‌ನಿಂದ ಜನವರಿವರೆಗೆ ಬಿಸಿಲಿನ ಕೋನ ಇಳಿದಿರುತ್ತದೆ. ಆಳದ ಲೇಸರ್‌ಗೆ ಅದೇ ಒಳ್ಳೆಯ ಕಾಲ, ಒಣಗಾಳಿಗೆ ಮುಲಾಮು ಹೆಚ್ಚು ಹಚ್ಚಿದರೆ ಸಾಕು. ವೈಶಾಖದ ಮದುವೆಗೆಂದು ಚೈತ್ರದಲ್ಲಿ ಲೇಸರ್ ಮಾಡಿಸಿಕೊಂಡರೆ ಕಪ್ಪುಗಲೆ ಮೂಡುವ ಹೊತ್ತಿಗೇ ಮದುವೆ ಬರುತ್ತದೆ. ಮೂರು ತಿಂಗಳಾದರೂ ಮೊದಲು ಮುಗಿಸಬೇಕು. ಮದುವೆಯ ಅರಿಶಿನ ಶಾಸ್ತ್ರ, ನಿತ್ಯದ ಅರಿಶಿನ–ಕುಂಕುಮ, ಅಂಟಿಸುವ ಬಿಂದಿಯ ಗೋಂದು ಹಸಿ ಚರ್ಮವನ್ನು ಕೆರಳಿಸಬಲ್ಲವು. ಈ ಅಪಾಯ ಹೆಣ್ಣುಮಕ್ಕಳಿಗೆ ಹೆಚ್ಚು.

ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆಯೂ ಬಸವೇಶ್ವರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇವೆ. ಸುಮಾರು 60 ಕಿಲೋಮೀಟರ್ ದೂರದ ದಾವಣಗೆರೆಯಲ್ಲಿ 1965ರಿಂದ ಜೆಜೆಎಂ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಆಳದ ಲೇಸರ್‌ಗಾಗಿ ಸುಮಾರು 200 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗುವವರೂ ಇದ್ದಾರೆ. ಅಂಥವರು ಅದೇ ದಿನ ಬಸ್ಸಿನ ಕಿಟಕಿ ಬದಿಯಲ್ಲಿ ಬಿಸಿಲು, ಧೂಳು ತಿನ್ನುತ್ತ ಹಿಂತಿರುಗುವುದು ಒಳ್ಳೆಯದಲ್ಲ. ಸಂಜೆಯ ಪ್ರಯಾಣ, ಬಿಸಿಲು ಬೀಳದ ಬದಿಯ ಸೀಟು, ಮುಖಕ್ಕೆ ಸಡಿಲವಾದ ಹತ್ತಿಬಟ್ಟೆ ಚಿಕಿತ್ಸೆಯದೇ ಭಾಗ.

ಆರೈಕೆ

ಇಬ್ಬರಿಗೂ ಸಮಾನವಾದದ್ದು ಇಷ್ಟು. ಚಿಕಿತ್ಸೆಯಾದ ಕೂಡಲೇ ತಣ್ಣೀರಿನ ಬಟ್ಟೆಯ ಒತ್ತು, ಮಂಜುಗಡ್ಡೆಯಾದರೆ ಬಟ್ಟೆಯಲ್ಲಿ ಸುತ್ತಿ. ಮೇಲ್ಪದರ ಮುಚ್ಚುವವರೆಗೆ ಪೆಟ್ರೋಲಿಯಂ ಜೆಲ್ಲಿಯಂಥ ಸಾದಾ ಮುಲಾಮು, ಪರಿಮಳವಿಲ್ಲದ ಸೌಮ್ಯ ಸೋಪು. ಹಕ್ಕಳೆ ಕೀಳಬಾರದು. ಬಾಯಿಯ ಸುತ್ತ ಸರ್ಪಸುತ್ತಿನ ಬಳಗದ ಜ್ವರಗುಳ್ಳೆ ಹಿಂದೆ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಅದು ಮರುಕಳಿಸದಂತೆ ಮಾತ್ರೆ ಕೊಡುತ್ತಾರೆ. ಮೇಲ್ಪದರ ಮುಚ್ಚಿದ ಮೇಲೆ ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಬೆಳಿಗ್ಗೆ ಹಚ್ಚಿ, ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಕಪ್ಪುಗಲೆ ತರುವುದರಿಂದ ಐರನ್ ಆಕ್ಸೈಡ್ ಸೇರಿದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ. ಕೊಡೆ, ಅಗಲ ಅಂಚಿನ ಟೋಪಿ, ಸೆರಗು ಇವಕ್ಕೆ ಸಾಟಿಯಿಲ್ಲ.

ನಿಂಬೆರಸ, ಹಲ್ಲುಜ್ಜುವ ಪೇಸ್ಟು, ಅರಿಶಿನದ ಲೇಪ, ಬಿಸಿ ಕೊಬ್ಬರಿ ಎಣ್ಣೆ ಇವು ಯಾವುವೂ ಹಸಿ ಚರ್ಮಕ್ಕೆ ಬೇಡ. ಔಷಧದಂಗಡಿಯಲ್ಲಿ ಮುಖ ಬೆಳ್ಳಗಾಗಲೆಂದು ಕೇಳಿ ತರುವ ಸ್ಟೀರಾಯ್ಡ್ ಕ್ರೀಮುಗಳು ಎಲ್ಲಕ್ಕಿಂತ ಅಪಾಯ. ಚರ್ಮವನ್ನು ತೆಳುಮಾಡಿ, ಗಾಯ ಮಾಯದಂತೆ ಮಾಡಿ, ಬಿಟ್ಟ ಕೂಡಲೇ ಉರಿ, ಮೊಡವೆ ಏಳಿಸುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ಪಟ್ಟಿಗೆ ಸೇರಿಸಿತು. ವರ್ಷಗಟ್ಟಲೆ ಇವನ್ನು ಹಚ್ಚಿದವರು, ಹೆಣ್ಣಾಗಲಿ ಗಂಡಾಗಲಿ, ಲೇಸರ್‌ಗೆ ಮುನ್ನ ಅದನ್ನು ಮುಚ್ಚಿಡದೆ ಹೇಳಬೇಕು.

ಮಹಿಳೆಯರಿಗೆ ಕೇಳಬೇಕಾದ ಬೇರೆ ಪ್ರಶ್ನೆಗಳಿವೆ: ಮುಟ್ಟು ಸರಿಯಾಗಿದೆಯೇ, ಬಸಿರಿದ್ದೀರಾ, ಮಗುವಿಗೆ ಹಾಲೂಡಿಸುತ್ತೀರಾ, ಹಾರ್ಮೋನಿನ ಮಾತ್ರೆ ತೆಗೆದುಕೊಳ್ಳುತ್ತೀರಾ, ಬಸಿರಿನಲ್ಲಿ ಬಂಗು ಬಂದಿತ್ತೇ. ಬಸಿರಿನಲ್ಲಿ ಸೌಂದರ್ಯದ ಲೇಸರನ್ನು ಮುಂದೂಡುವುದೇ ಪದ್ಧತಿ. ಗಂಡಸರಿಗೆ ಕೇಳಬೇಕಾದವು: ಬೀಡಿ–ಸಿಗರೇಟು, ದಿನದ ಶೇವಿಂಗ್, ಹೊಲ ಇಲ್ಲವೆ ಬೈಕಿನ ಬಿಸಿಲು, ಮೈ ಬೆಳೆಸಲು ಜಿಮ್ಮಿನಲ್ಲಿ ಕೊಡುವ ಹಾರ್ಮೋನು ಚುಚ್ಚುಮದ್ದು. ಎದೆ, ಭುಜ, ದವಡೆಯಂಚಿನಲ್ಲಿ ಹಳೆಯ ಗಾಯ ಉಬ್ಬಿ ಬೆಳೆದಿದೆಯೇ ಎಂದು ಇಬ್ಬರಲ್ಲೂ ನೋಡಬೇಕು. ಮೊಡವೆಗೆ ಐಸೊಟ್ರೆಟಿನೊಯಿನ್ ಗುಳಿಗೆ ನುಂಗುವವರು ಆರು ತಿಂಗಳು ಕಾಯಬೇಕೆಂಬ ಹಳೆಯ ನಿಯಮ 2017ರ ನಂತರ ಸಡಿಲವಾಗಿದೆ. ಆದರೂ ಆಳದ ಚಿಕಿತ್ಸೆಯಲ್ಲಿ ವೈದ್ಯರ ತೀರ್ಮಾನವೇ ಅಂತಿಮ.

ನೋವು ಮೂರನೆಯ ದಿನದ ಮೇಲೆ ಇಳಿಯುವ ಬದಲು ಏರಿದರೆ, ಕೀವು, ಜ್ವರ, ದೊಡ್ಡ ನೀರುಗುಳ್ಳೆ ಬಂದರೆ, ಗುಂಪುಗುಂಪಾಗಿ ಉರಿಯುವ ಗುಳ್ಳೆ ಎದ್ದರೆ, ಎರಡು ವಾರ ಕಳೆದರೂ ಚರ್ಮ ಮುಚ್ಚದಿದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು. ಕಪ್ಪು ಚರ್ಮದಲ್ಲಿ ಸೋಂಕಿನ ಕೆಂಪು ಬೇಗ ಕಾಣದ ಕಾರಣ ಮುಟ್ಟಿದರೆ ಬಿಸಿ, ಹೆಚ್ಚುತ್ತಿರುವ ನೋವು ಇವೇ ನಂಬುವಂಥ ಗುರುತುಗಳು.

ಲಿಂಗತ್ವ ಅಲ್ಪಸಂಖ್ಯಾತರು

ಹಾರ್ಮೋನಿನ ಪಾತ್ರ ಸ್ಪಷ್ಟವಾಗಿ ಕಾಣುವುದು ಇವರ ಚಿಕಿತ್ಸೆಯಲ್ಲಿ. ಈಸ್ಟ್ರೊಜೆನ್ ಪಡೆಯುವ ಟ್ರಾನ್ಸ್ ಮಹಿಳೆಯರ ಚರ್ಮದ ಎಣ್ಣೆ ಇಳಿಯುತ್ತದೆ, ಮೈಕೂದಲು ತೆಳುವಾಗುತ್ತದೆ. ಗಡ್ಡ ಮಾತ್ರ ಹಾರ್ಮೋನಿನಿಂದ ಹೋಗುವುದಿಲ್ಲ, ಲೇಸರ್‌ನಂಥ ಚಿಕಿತ್ಸೆ ಬೇಕು. ಅವರಿಗೆ ಗಂಡಿನ ಗಡ್ಡದ ಊತವೂ, ಹೆಣ್ಣಿನ ಹಾರ್ಮೋನು ತರುವ ಬಂಗಿನ ಒಲವೂ ಒಟ್ಟಿಗೆ ಇರಬಹುದು. ಟೆಸ್ಟೊಸ್ಟೆರಾನ್ ಪಡೆಯುವ ಟ್ರಾನ್ಸ್ ಪುರುಷರಲ್ಲಿ ಎಣ್ಣೆ, ಮೊಡವೆ ಹೆಚ್ಚುತ್ತವೆ. ಕಾಗದದಲ್ಲಿ ಬರೆದ ಲಿಂಗಕ್ಕಿಂತ ಸದ್ಯದ ಹಾರ್ಮೋನು, ಸದ್ಯದ ಕೂದಲು ನೋಡಿ ಯೋಜಿಸಬೇಕು. ಇದನ್ನು ಗೌರವದಿಂದ, ಎಲ್ಲರ ಕಿವಿಗೆ ಬೀಳದಂತೆ ಕೇಳುವುದು ವೈದ್ಯರ ಕರ್ತವ್ಯ.

ಸಂಶೋಧನೆ ಮತ್ತು ನಿಯಮಗಳು

ಸೌಂದರ್ಯ ಲೇಸರ್ ಪ್ರಯೋಗಗಳಲ್ಲಿ ಪಾಲ್ಗೊಂಡವರಲ್ಲಿ ಬಹುಪಾಲು ಮಹಿಳೆಯರು, ಹಾಗೂ ಹೆಚ್ಚಿನ ಪ್ರಯೋಗಗಳು ಬಿಳಿ ಮೈಬಣ್ಣದವರ ಮೇಲೆ ನಡೆದವು. ಗಂಡಿನ ಚೇತರಿಕೆಯ ಬಗೆಗಿನ ತಿಳಿವಳಿಕೆ ಬಹುಮಟ್ಟಿಗೆ ಸಾಮಾನ್ಯ ಗಾಯಗಳ ಅಧ್ಯಯನದಿಂದ ಮತ್ತು ವೈದ್ಯರ ಅನುಭವದಿಂದ ಬಂದದ್ದು. ಭಾರತದ ಚರ್ಮವೈದ್ಯರ ಸಂಘವಾದ ಐಎಡಿವಿಎಲ್ 2008ರಲ್ಲಿ ಲೇಸರ್ ಚಿಕಿತ್ಸೆಗೆ ಮಾರ್ಗಸೂಚಿ ಪ್ರಕಟಿಸಿ, ತರಬೇತಿ ಪಡೆದ ವೈದ್ಯರು, ಲಿಖಿತ ಒಪ್ಪಿಗೆ, ಕಣ್ಣಿನ ರಕ್ಷಣೆ ಇವುಗಳಿಗೆ ಒತ್ತು ಕೊಟ್ಟಿತು. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿಯಾಗಿರಬೇಕು. ನೋಂದಣಿ ಪತ್ರವನ್ನು ಕೇಳಿ ನೋಡುವುದು ರೋಗಿಯ ಹಕ್ಕು.

ಹೆಣ್ಣು–ಗಂಡಿನ ವ್ಯತ್ಯಾಸದ ತಿಳಿವಳಿಕೆ ಉಪಯೋಗಕ್ಕೆ ಬರುವುದು ಮನೆಗೆ ಕೊಟ್ಟು ಕಳಿಸುವ ಸೂಚನೆಯಲ್ಲಿ. ಎಲ್ಲರಿಗೂ ಒಂದೇ ಚೀಟಿ ಕೊಟ್ಟರೆ ಗಡ್ಡದ ಮಾತೂ ಬಿಟ್ಟುಹೋಗುತ್ತದೆ, ಮುಟ್ಟಿನ ಮಾತೂ ಬಿಟ್ಟುಹೋಗುತ್ತದೆ. ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಯ ಬದಲು ಕನ್ನಡದಲ್ಲಿ, ಗಂಡಸಿಗೆ ಬ್ಲೇಡು ಮತ್ತು ಬಿಸಿಲಿನ ಬಗ್ಗೆ, ಹೆಂಗಸಿಗೆ ಹಾರ್ಮೋನು ಮತ್ತು ಮುಖಕ್ಕೆ ಹಚ್ಚುವ ವಸ್ತುಗಳ ಬಗ್ಗೆ, ಇಬ್ಬರಿಗೂ ಮೂರನೆಯ ವಾರದ ಕಪ್ಪುಗಲೆಯ ಬಗ್ಗೆ ಬರೆದುಕೊಟ್ಟರೆ ಈ ಸೀಮೆಯಲ್ಲಿ ಕಾಣುವ ತೊಡಕುಗಳಲ್ಲಿ ಹಲವನ್ನು ಬರುವ ಮೊದಲೇ ತಡೆಯಬಹುದು. ಹೊಸ ಯಂತ್ರ ತರಿಸುವುದಕ್ಕಿಂತ ಇದಕ್ಕೆ ತಗಲುವ ವೆಚ್ಚ ಬಹಳ ಕಡಿಮೆ.